ಮೈಸೂರುಪಾಕಿನ ಕಪಾಟಿನಲ್ಲಿ ಮೂರು ನೀರುಹಕ್ಕಿಗಳು

ಮೂವತ್ತಾರು ವರ್ಷ ನಾನು ಒಂದು ಗಾಜಿನ ಕಪಾಟಿನ ಹಿಂದೆ ಕೂತವನು. ಮದರಾಸಿನ ಅಡ್ಯಾರಿನಲ್ಲಿರುವ ನಮ್ಮ ಹೋಟೆಲಿಗೆ ಬಂದವರು ಮೊದಲು ಮೈಸೂರುಪಾಕನ್ನು, ಆಮೇಲೆ ಬಾದುಷಾವನ್ನು, ಆಮೇಲೆ ಜಾಂಗಿರಿಯನ್ನು, ಕಟ್ಟಕಡೆಗೆ ಅವುಗಳ ಮೇಲಿಂದ ಇಣುಕುವ ನನ್ನ ಮುಖವನ್ನು ನೋಡುತ್ತಿದ್ದರು. ಈ ಕ್ರಮದ ಬಗ್ಗೆ ನನಗೆಂದೂ ದೂರಿರಲಿಲ್ಲ. ಗಾಜಿನೊಳಗೆ ವಸ್ತುಗಳನ್ನು ಚೆಂದ ಕಾಣುವಂತೆ ಇಡುವ ವಿದ್ಯೆಯಲ್ಲಿ ನನ್ನನ್ನು ಮೀರಿಸುವವರು ಈ ಊರಿನಲ್ಲಿಲ್ಲ ಎಂಬ ನಂಬಿಕೆಯೊಂದು ಮಾತ್ರ ಈ ಅವಧಿಯಲ್ಲಿ ನನ್ನೊಳಗೆ ಬೇರುಬಿಟ್ಟಿತ್ತು. ಅದನ್ನು ಅಹಂಕಾರ ಎನ್ನಬಾರದು, ಅನುಭವ ಎನ್ನಬೇಕು. ಆ ಅನುಭವವೇ ಹೋದ ಬೇಸಿಗೆಯಲ್ಲಿ ನನ್ನನ್ನು ಮೂರು ಸತ್ತ ಹಕ್ಕಿಗಳ ಗೃಹನಿರ್ಮಾಣಕ್ಕೆ ಹಚ್ಚಿತು.

ಹಕ್ಕಿಗಳು ನನ್ನವಲ್ಲ. ಹೋಟೆಲಿನಿಂದ ಎರಡು ಬೀದಿ ಆಚೆಗಿರುವ ಶಾಲೆಯವು. ಶಾಲೆಯವು ಎನ್ನುವುದೂ ಕಾಗದದ ಮಟ್ಟಿಗೆ. ನಿಜವಾಗಿ ಅವು ಅಲ್ಲಿನ ಜೀವಶಾಸ್ತ್ರದ ಟೀಚರಮ್ಮನವು. ಈ ಟೀಚರಮ್ಮ ನಮ್ಮ ಹೋಟೆಲಿನ ಕಿಟಕಿ ಪಕ್ಕದ ಮೇಜಿಗೆ ಇಪ್ಪತ್ತಾರು ವರ್ಷಗಳಿಂದ ಪ್ರತಿ ಶನಿವಾರ ಬರುವವರು. ಒಂದು ತುಪ್ಪದ ದೋಸೆ, ಒಂದು ಕಾಫಿ, ಒಂದು ದೂರು. ಅವರ ಮುತ್ತಜ್ಜನ ಕಾಲದಲ್ಲೇ ಮದರಾಸು ಸೇರಿದ ಮನೆತನ. ಮನೆಯಲ್ಲಿ ಇಂದಿಗೂ ಕನ್ನಡವೇ. ಆದರೆ ಆ ಕನ್ನಡದೊಳಗೆ ತಮಿಳು ಬಾಡಿಗೆಗೆ ಬಂದು ಈಗ ಯಜಮಾನನಂತೆ ಕಾಲು ಚಾಚಿ ಕೂತಿದೆ.

ನಾನು ಗಲ್ಲಾಪೆಟ್ಟಿಗೆಯನ್ನು ನನ್ನ ಸೋದರಳಿಯನಿಗೆ ಒಪ್ಪಿಸಿ ನಿವೃತ್ತನಾಗಿ ಮೂರು ವರ್ಷವಾಯಿತು. ಆದರೂ ಶನಿವಾರ ಬೆಳಿಗ್ಗೆ ಹತ್ತಕ್ಕೆ ಹೋಟೆಲಿಗೆ ಹೋಗಿ, ಯಾರೂ ಕೇಳದ ತಪಾಸಣೆಯನ್ನು ಮಾಡಿ ಬರುತ್ತೇನೆ. ಏಪ್ರಿಲಿನ ಅಂಥದ್ದೊಂದು ಶನಿವಾರ ಟೀಚರಮ್ಮ ದೋಸೆಯನ್ನು ಅರ್ಧಕ್ಕೆ ಬಿಟ್ಟು ಕೂತಿದ್ದರು. ತುಪ್ಪದ ದೋಸೆಯನ್ನು ಅರ್ಧಕ್ಕೆ ಬಿಡುವುದು ಸಣ್ಣ ಸಂಗತಿಯಲ್ಲ. ಹೋಗಿ ವಿಚಾರಿಸಿದೆ.

"ಸಾರ್, ನನ್ನ ಪಕ್ಷಿಗಳಿಗೆ ನೋಟೀಸ್ ಬಂದ್ಬಿಡ್ತು."

"ಯಾವ ಪಕ್ಷಿ?"

"ಲ್ಯಾಬಲ್ಲಿ ಅಲ್ಮೇರಾ ಮೇಲೆ ನಿಂತಿರತ್ತಲ್ಲ ಸಾರ್, ಸ್ಟಫ್ ಮಾಡಿರೋದು. ಮೂರು. ಯಾವ ಕಾಲದ್ದೋ, ಶಾಲೆಗೆ ಯಾರೋ ಕೊಟ್ಟಿದ್ದು. ಫಾರೆಸ್ಟಿನವರ ಹಳೇ ಕಾಗದ ಎಲ್ಲಾ ಕರೆಕ್ಟಾ ಇದೆ. ಹೊಸ ಕರೆಸ್ಪಾಂಡೆಂಟ್ ಬಂದಿದಾರೆ, ಲ್ಯಾಬಿಗೆ ಪೇಂಟ್ ಹೊಡೀತಾರಂತೆ. ಜೂನಲ್ಲಿ ಸ್ಕೂಲ್ ತೆಗೆಯೋ ದಿನ ಇವು ಮುಚ್ಚಿದ ಗಾಜಿನ ಕೇಸಲ್ಲಿ, ಹಿಂದೆ ಸೀನೆಲ್ಲಾ ಇಟ್ಟು, ಮ್ಯೂಸಿಯಂ ಹಾಗೆ ಇರ್ಬೇಕಂತೆ. ಇಲ್ಲಾಂದ್ರೆ ವಿಲೇವಾರಿ."

ಕೊನೆಯ ಪದ ಹೇಳುವಾಗ ಅವರು ತಟ್ಟೆಯನ್ನು ಸ್ವಲ್ಪ ಆಚೆಗೆ ಸರಿಸಿದರು.

"ಇಪ್ಪತ್ತಾರು ವರ್ಷ ಪ್ರತಿ ಶುಕ್ರವಾರ ಷೇವಿಂಗ್ ಬ್ರಷ್ಷಲ್ಲಿ ಅವಕ್ಕೆ ಧೂಳು ಹೊಡೆದಿದೀನಿ ಸಾರ್. ಬರೋ ವರ್ಷ ನಾನು ರಿಟೈರು. ನಾನು ಹೋಗೋಕ್ಕೆ ಮುಂಚೆ ಅವು ಹೋಗ್ಬಾರದು. ಅಷ್ಟೇದಾನ್."

ಶಾಲೆಯ ಆಡಳಿತ ನೋಡಿಕೊಳ್ಳುವ ಮನುಷ್ಯನನ್ನು ಈ ಊರಿನಲ್ಲಿ ಕರೆಸ್ಪಾಂಡೆಂಟ್ ಎನ್ನುತ್ತಾರೆ; ಅವರ ಮಾತು ತೀರ್ಪಿಗೆ ಸಮಾನ. ನಾನು ಗಂಟಲು ಸರಿಮಾಡಿಕೊಂಡು, ರಾಜ್ಯಾಭಿಷೇಕದ ದಿನ ಮಾತು ಕೊಡುವವರ ಧಾಟಿಯಲ್ಲಿ, "ಗಾಜಿನ ಕಪಾಟಿನ ಚಿಂತೆ ನಿಮಗೆ ಬೇಡ. ಅದು ನನಗೆ ಬಿಡಿ" ಎಂದೆ. ಟೀಚರಮ್ಮ ತಟ್ಟೆಯನ್ನು ಮತ್ತೆ ಹತ್ತಿರ ಎಳೆದುಕೊಂಡರು.

ಧೈರ್ಯಕ್ಕೆ ಕಾರಣವಿತ್ತು. ನನ್ನ ಸೋದರಳಿಯ ಬಂದವನೇ ಹಳೆಯ ತೇಗದ ಕಪಾಟನ್ನು ಮಾಳಿಗೆಗೆ ಅಟ್ಟಿ, ತಣ್ಣನೆ ಗಾಳಿ ಊದುವ ಹೊಸದೊಂದನ್ನು ತಂದಿಟ್ಟಿದ್ದ. ಅದರ ನೀಲಿ ಬೆಳಕಿನಲ್ಲಿ ನಮ್ಮ ಬಾದುಷಾಗಳು ತೀವ್ರ ನಿಗಾ ಘಟಕದಲ್ಲಿ ಮಲಗಿದ ಹಾಗೆ ಕಾಣುತ್ತವೆ. ಹಳೆಯದನ್ನು ಒಯ್ಯುತ್ತೇನೆ ಎಂದಾಗ ಅವನಿಗೆ ಆದ ಸಂತೋಷ ನನಗೆ ಅಷ್ಟು ಹಿತವಾಗಲಿಲ್ಲ.

"ಅದನ್ನು ತಕೊಂಡು ಹೋದ್ರೆ ದೊಡ್ಡ ಉಪಕಾರ ಮಾವ. ಬಾತುಕೋಳಿ ಇಡಿ, ನವಿಲು ಇಡಿ, ಬೇಕಾದ್ರೆ ನೀವೇ ಒಳಗೆ ಕೂತ್ಕೊಳ್ಳಿ."

ನಮ್ಮ ಫ್ಲಾಟು ಇರುವುದು ವೇಲಚೇರಿಯಲ್ಲಿ. ನಮಗೆ ಕಾರಿಲ್ಲ; ಆದರೆ ಕಾರಿಗೆಂದು ಕೆಳಗೆ ಗೆರೆ ಎಳೆದುಕೊಟ್ಟ ಜಾಗ ಇದೆ. ಕಪಾಟು ಅಲ್ಲಿ ಬಂದು ನಿಂತಿತು. ಊರಿನ ಕಡೆಯ ಶುದ್ಧಾಚಾರಗಳನ್ನೆಲ್ಲ ಮೂರನೇ ಮಹಡಿಗೆ ಹೊತ್ತು ತಂದಿರುವ ನನ್ನ ಹೆಂಡತಿ ಬಾಲ್ಕನಿಯಿಂದಲೇ ವಿಚಾರಣೆ ಶುರುಮಾಡಿದಳು.

"ಎಂತ ಮಾರಾಯ್ರೆ, ಸತ್ತ ಹಕ್ಕಿ ತರ್ತೀರಂತೆ?"

"ಈಗಲ್ಲ. ಕಪಾಟು ಆದ ಮೇಲೆ. ಅದೂ ಪಾರ್ಕಿಂಗಿಗೆ ಮಾತ್ರ."

"ಮೆಟ್ಟಿಲು ಹತ್ತಲಿಕ್ಕಿಲ್ಲ. ನೀವು ಮುಟ್ಟಿದ್ರೆ ಸ್ನಾನ ಮಾಡಿಯೇ ಒಳಗೆ ಬರೂದು. ದಿನಕ್ಕೆ ಎಷ್ಟು ಸಲ ಮುಟ್ತೀರಿ ಅಂತ ಮೊದಲೇ ಲೆಕ್ಕ ಹಾಕ್ಕೊಳ್ಳಿ, ಟ್ಯಾಂಕಿಯಲ್ಲಿ ನೀರು ಕಮ್ಮಿ ಉಂಟು."

ನೀರಿನ ಮಾತು ಬಂದದ್ದೇ ತಡ, ಎರಡನೇ ಮಹಡಿಯ ನಿವೃತ್ತ ರೈಲ್ವೆ ಎಂಜಿನಿಯರು ತಮ್ಮ ಬಾಲ್ಕನಿಯಿಂದ ತಮಿಳಿನಲ್ಲಿ ಸಲಹೆ ಕೊಟ್ಟರು. ವೇಲಚೇರಿಯಲ್ಲಿ ಬಾತುಗಳಿಗೆ ಕೆರೆ ಕಟ್ಟುವುದು ವ್ಯರ್ಥ ಶ್ರಮವಂತೆ. ನವೆಂಬರಿನ ಮಳೆಯ ತನಕ ಸುಮ್ಮನೆ ಕಾದರೆ ಕೆರೆಯೇ ಪಾರ್ಕಿಂಗಿಗೆ ಬರುತ್ತದಂತೆ.

ಅಳತೆ ತೆಗೆಯಲು ಶಾಲೆಗೆ ಹೋದಾಗ ನನ್ನ ಬಾಡಿಗೆದಾರರ ಪರಿಚಯವಾಯಿತು. ಟೀಚರಮ್ಮ ಮೊದಲು ಕೈಗವಸು ಕೊಟ್ಟರು. ಹಳೆಯ ಕಾಲದಲ್ಲಿ ಹುಳ ಹಿಡಿಯದಿರಲೆಂದು ಚರ್ಮಕ್ಕೆ ವಿಷ ಸವರುತ್ತಿದ್ದರಂತೆ. ಅಲ್ಮೇರಾದ ಮೇಲಿಂದ ಒಂದೊಂದಾಗಿ ಇಳಿಸಿ, ಮದುವೆಮನೆಯಲ್ಲಿ ನೆಂಟರನ್ನು ಪರಿಚಯಿಸುವ ಹಾಗೆ ಹೇಳುತ್ತ ಹೋದರು. ಮೊದಲನೆಯದು ಸೂಜಿಬಾಲದ ಬಾತು. ಉದ್ದ ಕತ್ತು, ಸಭ್ಯ ಮುಖ, ಹಿಂದೆ ಗೋಣಿಚೀಲ ಹೊಲಿಯುವ ದಬ್ಬಳದಂಥ ಬಾಲ. ಎರಡನೆಯದು ಚಲುಕದ ಬಾತು. ಅದರ ಕೊಕ್ಕನ್ನು ನೋಡಿದ ತಕ್ಷಣ ನನಗೆ ನಮ್ಮ ಅಡುಗೆಮನೆ ನೆನಪಾಯಿತು, ತುದಿ ಅಗಲವಾದ ಸಾಕ್ಷಾತ್ ದೋಸೆ ಸಟ್ಟುಗ. ಮೂರನೆಯದು ಬಾತಲ್ಲ, ಕಪ್ಪು ಮೈ, ಹಣೆಯ ಮೇಲೆ ಅಚ್ಚ ಬಿಳಿ ನಾಮ. ಹೆಸರೇ ನಾಮಕೋಳಿ. ಇವುಗಳ ಮರದ ಪೀಠದ ಅಡಿಯಲ್ಲಿ ಮಾಸಿದ ಶಾಯಿಯಲ್ಲಿ ಒಂದೇ ಪದ ಉಳಿದಿತ್ತು: ಎಣ್ಣೂರು.

"ಅಲ್ಲಿದೇ ಪಕ್ಷಿ ಸಾರ್. ಅದಕ್ಕೇ ಸೀನೂ ಅಲ್ಲಿದೇ ಆಗ್ಬೇಕು. ಸುಮ್ನೆ ಕ್ಯಾಲೆಂಡರಲ್ಲಿರೋ ಹಿಮದ ಬೆಟ್ಟ, ಗುಲಾಬಿ ಹೂವು ಎಲ್ಲಾ ಇಡೋಕ್ಕಾಗಲ್ಲ."

ನನ್ನ ಮನಸ್ಸಿನಲ್ಲಿ ಇದ್ದದ್ದು ನಿಖರವಾಗಿ ಹಿಮದ ಬೆಟ್ಟವೇ.

ಮುಂದಿನ ಭಾನುವಾರ ಇಬ್ಬರೂ ಊರಿನ ಉತ್ತರ ತುದಿಯ ಎಣ್ಣೂರಿಗೆ ಹೋದೆವು. ಹಿನ್ನೀರಿನ ದಡದಲ್ಲಿ ಮೀನುಗಾರರ ದೋಣಿಗಳು, ಆಚೆ ದಡದಲ್ಲಿ ವಿದ್ಯುತ್ ಸ್ಥಾವರದ ಚಿಮಣಿಗಳು. ಟೀಚರಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಒಣಗಿದ ಜೊಂಡು, ಚಿಪ್ಪು, ದಡದ ಮರಳು ಎಲ್ಲವನ್ನೂ ಆರಿಸಿ ಚೀಲಕ್ಕೆ ತುಂಬಿದರು. ಚೀಲದ ಮೇಲೆ ನಮ್ಮ ಹೋಟೆಲಿನ ಹೆಸರಿತ್ತು. ದೋಣಿಯ ಮೇಲೆ ಕೂತಿದ್ದವರೊಬ್ಬರು ಅದನ್ನು ಓದಿ, ಪಕ್ಕದವರಿಗೆ ಏನೋ ಹೇಳಿ, ಇಬ್ಬರೂ ಬಹಳ ಹೊತ್ತು ನಮ್ಮನ್ನೇ ನೋಡುತ್ತಿದ್ದರು. ಸಾಂಬಾರಿನ ರಹಸ್ಯ ಕೊನೆಗೂ ಬಯಲಾಯಿತು ಎಂಬ ಭಾವ ಅವರ ಮುಖದಲ್ಲಿತ್ತು.

"ಚಿಮಣಿಯನ್ನೂ ಚಿತ್ರದಲ್ಲಿ ಬರೀಬೇಕಲ್ಲ? ನೈಜ ಅಂದ್ರೆ ನೈಜ" ಎಂದೆ ನಾನು. ಚಿತ್ರ ಬರೆಯುವವರು ಅವರೇ.

ಅವರು ಕಣ್ಣಿಗೆ ಕೈ ಅಡ್ಡ ಹಿಡಿದು ಯೋಚಿಸಿದರು. "ಇಲ್ಲ ಸಾರ್. ಈ ಪಕ್ಷಿಗಳು ಬದುಕಿದ್ದಾಗ ಅದು ಇರ್ಲಿಲ್ಲ. ಅವು ನೋಡದೇ ಇರೋದನ್ನ ನಾವು ಅವುಗಳ ಹಿಂದೆ ನಿಲ್ಲಿಸ್ಬಾರದು."

ಇದನ್ನು ನಾನು ಇಂದಿಗೂ ಆಗಾಗ ಯೋಚಿಸುತ್ತೇನೆ. ನಮ್ಮ ಹೋಟೆಲಿನ ಗೋಡೆಯ ಮೇಲೆ ಒಂದು ಜಲಪಾತದ ಚಿತ್ರವಿದೆ. ಅದನ್ನು ನಮ್ಮಲ್ಲಿ ಯಾರೂ ನೋಡಿಲ್ಲ.

ತಂದ ಮರಳಿನಲ್ಲಿ ಹುಳದ ಮೊಟ್ಟೆ ಇರಬಾರದು, ಒಂದೇ ಒಂದು ಇದ್ದರೂ ಆರು ತಿಂಗಳಲ್ಲಿ ಪುಕ್ಕವೆಲ್ಲ ಪುಡಿ ಎಂದು ಟೀಚರಮ್ಮ ಎಚ್ಚರಿಸಿದ್ದರು. ಇದಕ್ಕೆ ಪರಿಹಾರ ನನ್ನ ಕಸುಬಿನಲ್ಲೇ ಇತ್ತು. ಹೋಟೆಲಿನ ಹಳೆಯ, ಅಡುಗೆಗೆ ಬಾರದ ದೊಡ್ಡ ಬಾಣಲೆ ತೆಗೆಸಿ, ಹಿತ್ತಲಿನ ಒಲೆಯ ಮೇಲಿಟ್ಟು, ಉಪ್ಪಿಟ್ಟಿನ ರವೆ ಹುರಿಯುವ ಹಾಗೆ ಸಣ್ಣ ಉರಿಯಲ್ಲಿ ಕೈಬಿಡದೆ ತಿರುವಿ ಎಣ್ಣೂರಿನ ಮರಳನ್ನು ಹುರಿದೆ. ನನ್ನ ಜೊತೆ ಮೂವತ್ತು ವರ್ಷ ದುಡಿದ ಅಡುಗೆ ಭಟ್ಟರು ಬಾಗಿಲಲ್ಲಿ ನಿಂತು ಗಂಭೀರವಾಗಿ ನೋಡಿದರು.

"ಒಗ್ಗರಣೆಗೆ ಸಾಸಿವೆ ಮಾತ್ರವಾ, ಗೋಡಂಬಿಯೂ ಬೇಕಾ?"

ಕೆರೆಯ ವಿಷಯದಲ್ಲಿ ಟೀಚರಮ್ಮನದು ವಂಶಪಾರಂಪರ್ಯವಾದ ಅಧಿಕಾರ. ನವರಾತ್ರಿಯಲ್ಲಿ ಅವರ ಮನೆಯ ಬೊಂಬೆ ಕೊಲುವಿನ ಪಕ್ಕದಲ್ಲಿ ಪ್ರತಿ ವರ್ಷ ಒಂದು ಪಾರ್ಕು ಕಟ್ಟುತ್ತಾರೆ. ತಟ್ಟೆಯಲ್ಲಿ ರಾಗಿ ಮೊಳೆಸಿ ಹುಲ್ಲುಗಾವಲು, ಮುಖ ನೋಡುವ ಕನ್ನಡಿ ಮಲಗಿಸಿ ಕೆರೆ, ಅದರ ಮೇಲೆ ಪ್ಲಾಸ್ಟಿಕ್ ಬಾತು. ಹಾಗೆಯೇ ಮಾಡಿದರೆ ಮುಗಿಯಿತಲ್ಲ ಎಂದು ನಾನು ಹೇಳಿದಾಗ ಅವರಿಗೆ ನೋವಾಯಿತು.

"ಕನ್ನಡಿ ಇಟ್ರೆ ಅದು ಕೊಲು ಸಾರ್. ಕೆರೆ ಆಗಲ್ಲ. ರಾಗಿ ಮೊಳಕೆ ಇಟ್ರೆ ಒಳಗೆ ತೇವ, ಬೂಷ್ಟು. ನಲವತ್ತು ವರ್ಷ ಸುಳ್ಳು ಕೆರೆ ಕಟ್ಟಿದೀನಿ, ಒಂದು ಸಲವಾದ್ರೂ ನಿಜ ಕಟ್ಬೇಕು."

ಅವರು ದಪ್ಪ ಗಾಜಿನ ಅಡಿಬದಿಗೆ ಬಣ್ಣ ಹಚ್ಚಿದರು. ದಡದ ಹತ್ತಿರ ಚಹಾದ ಬಣ್ಣ, ಒಳಗೆ ಹೋದಂತೆ ಕಷಾಯದ ಬಣ್ಣ. ಮೇಲೆ ತೆಳ್ಳನೆಯ ವಾರ್ನಿಷ್ ಹರಡಿ, ಆರುವ ಮುನ್ನ ಹಕ್ಕಿಯ ಕಾಲು ಬರುವ ಕಡೆ ಬೆರಳಿನಿಂದ ಮೆಲ್ಲಗೆ ಉಂಗುರ ಎಳೆದರು. ನಿಂತ ನೀರಾದರೂ ಕಾಲಿನ ಸುತ್ತ ಒಂದು ಗೆರೆ ಮೂಡುತ್ತದಂತೆ. ಹಿಂದಿನ ಹಲಗೆಯ ಮೇಲೆ ತಗ್ಗಾದ ದಿಗಂತ, ಬೆಳಗಿನ ಆರೂವರೆಯ ಆಕಾಶ. ಮೂರು ವಾರದಲ್ಲಿ ಮೈಸೂರುಪಾಕಿನ ಕಪಾಟಿನಲ್ಲಿ ಸಮುದ್ರದ ಗಾಳಿ ಬೀಸುವ ಹಾಗೆ ಆಯಿತು. ಪಾರ್ಕಿಂಗಿನಲ್ಲಿ ವಾರ್ನಿಷಿನ ವಾಸನೆ ಬಿಟ್ಟರೆ ಬೇರೇನೂ ಇರಲಿಲ್ಲ. ಈ ಮಾತನ್ನು ಓದುಗರು ನೆನಪಿಡಬೇಕು.

ಹಕ್ಕಿಗಳು ಆಟೋದಲ್ಲಿ, ಟೀಚರಮ್ಮನ ತೊಡೆಯ ಮೇಲಿನ ರಟ್ಟಿನ ಪೆಟ್ಟಿಗೆಯಲ್ಲಿ ಬಂದವು. ಅವರು ನೀರು ಕುಡಿಯಲು ಹೋದಾಗ ನಾನು ನನ್ನ ಅನುಭವವನ್ನೆಲ್ಲ ಧಾರೆಯೆರೆದು ಅವನ್ನು ಜೋಡಿಸಿದೆ. ಎತ್ತರದ್ದು ನಡುವೆ, ಉಳಿದವು ಎರಡು ಬದಿಗೆ ಸಮನಾಗಿ, ಮೂರೂ ಮುಖ ಗಿರಾಕಿಯ ಕಡೆಗೆ. ಅವರು ಬಂದು ಕಪಾಟಿನ ಮುಂದೆ ನಿಂತು ನೋಡಿದರು.

"ಸಾರ್, ಇವು ಗ್ರೂಪ್ ಫೋಟೋಗೆ ನಿಂತಿವೆಯಾ?"

"ಮತ್ತೆ? ನೋಡುವವರಿಗೆ ಮುಖ ಕಾಣಬೇಕಲ್ಲ?"

"ಕಾಡಲ್ಲಿರೋ ಬಾತಿಗೆ ನಿಮ್ಮ ಮುಖ ಕಂಡ್ರೆ ಅದು ಅಲ್ಲಿ ನಿಂತಿರತ್ತಾ? ಹಾರಿ ಹೋಗತ್ತೆ. ನಾವಿರೋದೇ ಅವಕ್ಕೆ ಗೊತ್ತಾಗ್ಬಾರದು. ಅದುದಾನ್ ನೈಜ."

ಹೀಗೆ ಹೇಳಿ ಅವರು ಸೂಜಿಬಾಲದ ಬಾತನ್ನು ಎತ್ತಿ, ಅದರ ಬೆನ್ನು ನಮ್ಮ ಕಡೆಗೆ ಬರುವಂತೆ ತಿರುಗಿಸಿ ನಿಲ್ಲಿಸಿದರು. ಗಿರಾಕಿಗೆ ಬೆನ್ನು ತೋರಿಸುವುದು ನಮ್ಮ ಕಸುಬಿನಲ್ಲಿ ಮಹಾಪರಾಧ. ಆ ತಪ್ಪಿಗೆ ನಾನು ಇಬ್ಬರು ಸಪ್ಲೈಯರುಗಳನ್ನು ಊರಿಗೆ ಕಳಿಸಿದವನು. ಅರ್ಧ ಗಂಟೆ ವಾದ ನಡೆಯಿತು. ಬಾಲವೇ ಅದರ ಸ್ಪೆಶಲ್ ಐಟಮ್, ಆದ್ದರಿಂದ ಬಾಲವನ್ನೇ ಮುಂದೆ ಇಡಬೇಕು ಎಂದು ಅವರು ಹೋಟೆಲಿನ ಭಾಷೆಯಲ್ಲೇ ಹೇಳಿದಾಗ ಮಾತ್ರ ನಾನು ಸೋತೆ. ಚಲುಕದ ಬಾತು ನೀರಿಗೆ ಬಗ್ಗಿ ನೋಡುತ್ತ ಎಡಕ್ಕೆ ಹೋಯಿತು. ನಾಮಕೋಳಿ ಜೊಂಡಿನಿಂದ ಅರ್ಧ ಹೊರಬಂದು ನಿಂತಿತು.

ಬಾಲ್ಕನಿಯಿಂದ ಹೆಂಡತಿ ಕೂಗಿದಳು: "ಆ ಕಪ್ಪಿನದ್ದು ನಾಮ ಹಾಕ್ಕೊಂಡಿದೆಯಲ್ಲ?"

"ಹೌದು."

ಸ್ವಲ್ಪ ಹೊತ್ತು ಪರಿಶೀಲನೆ. "ಬಿಳಿ ನಾಮ. ನಮ್ಮ ಪೈಕಿ ಅಲ್ಲ."

ಮರುದಿನ ಟೀಚರಮ್ಮ ನೆಂಟರ ಮದುವೆಗೆಂದು ನಾಲ್ಕು ದಿನ ತಿರುಚ್ಚಿಗೆ ಹೋದರು. ಅವರು ಬರುವಷ್ಟರಲ್ಲಿ ಒಂದು ಆಶ್ಚರ್ಯ ಕಾದಿರಲಿ ಎಂದು ನಾನು ಕಪಾಟಿನ ನೆತ್ತಿಯ ಮೇಲಿದ್ದ ಹಳೆಯ ಹೋಲ್ಡರಿಗೆ ಬಲ್ಬು ಹಾಕಿದೆ. ಸುಮ್ಮನೆ ಬಲ್ಬಲ್ಲ; ಕೆಳಗಿಟ್ಟ ಬೋಂಡಾ ಆರದಂತೆ ದಿನವಿಡೀ ಉರಿಸುತ್ತಿದ್ದೆವಲ್ಲ, ಆ ಜಾತಿಯ ಹಳದಿ, ಬಿಸಿ ಬಲ್ಬು. ಹಾಕಿದ ಕೂಡಲೇ ಆರೂವರೆಯ ಆಕಾಶ ಬಂಗಾರವಾಯಿತು. ನಾನು ಕುರ್ಚಿ ಹಾಕಿಕೊಂಡು ಕೂತೆ. ಬಹಳ ವರ್ಷಗಳ ನಂತರ ಗಾಜಿನ ಮುಂಭಾಗದಲ್ಲಿ ಕೂತಿದ್ದೆ. ಎರಡು ದಿನ ಬಲ್ಬನ್ನು ಆರಿಸಲೇ ಇಲ್ಲ.

ಮೂರನೆಯ ದಿನ ಬೆಳಿಗ್ಗೆ ಹೆಂಡತಿ ಮೇಲಿಂದ ಕರೆದಳು. "ಕೆಳಗೆ ಹೋಗಿ ನೋಡಿ. ನಿಮ್ಮ ಗಿರಾಕಿಗಳು ಬಂದಿದ್ದಾರೆ."

ಇರುವೆಗಳು. ಕಂಬದಿಂದ ಇಳಿದು, ಗೆರೆ ತಪ್ಪದೆ, ಕಪಾಟಿನ ಕಾಲು ಹತ್ತಿ, ಬಾಗಿಲ ಸಂದಿನಲ್ಲಿ ನುಗ್ಗಿ, ಎಣ್ಣೂರಿನ ದಡದ ಮೇಲೆ ಹರಡಿ, ಚಲುಕದ ಬಾತಿನ ಕೊಕ್ಕಿನ ಮೇಲೆ ಸಾಲುಗಟ್ಟಿದ್ದವು. ನಾನು ಅಂಟನ್ನು ಶಂಕಿಸಿದೆ, ವಾರ್ನಿಷನ್ನು ಶಂಕಿಸಿದೆ, ರೈಲ್ವೆ ಎಂಜಿನಿಯರನ್ನು ಕೂಡ ಶಂಕಿಸಿದೆ. ಮೂಗಿಟ್ಟು ಮೂಸಿದೆ: ಏನೂ ಇಲ್ಲ. ಹೆಂಡತಿ ಬಾಲ್ಕನಿ ಬಿಟ್ಟು ಕೊನೆಯ ಮೆಟ್ಟಿಲವರೆಗೆ ಇಳಿದು ಬಂದು, ಗಾಳಿಯನ್ನು ಎಳೆದುಕೊಂಡು, "ಎಂತದೂ ಇಲ್ಲ" ಎಂದು ಪ್ರಮಾಣೀಕರಿಸಿದಳು.

ಮರುದಿನ ಟೀಚರಮ್ಮ ಬಸ್ಸಿಳಿದವರೇ ನೇರ ಬಂದರು. ಕಪಾಟಿನ ಬಾಗಿಲು ತೆಗೆದರು. ಒಂದು ಹೆಜ್ಜೆ ಹಿಂದಿಟ್ಟರು.

"ಸಾರ್. ಮೈಸೂರ್‌ಪಾ."

"ಎಲ್ಲಿ?"

"ಎಲ್ಲೆಲ್ಲೂ. ತುಪ್ಪ ಸಾರ್! ಗಮ್ಮಂತ ಹೊಡೀತಿದೆ. ನಿಮಗೆ ಬರ್ತಿಲ್ವಾ?"

ನನಗೆ ಬರುತ್ತಿರಲಿಲ್ಲ. ವರ್ಷಗಟ್ಟಲೆ ನನ್ನ ಅಂಗಿ ಒಗೆದ ಹೆಂಡತಿಗೂ ಬರುತ್ತಿರಲಿಲ್ಲ. ಹೋಟೆಲಿನವರ ಮೂಗಿಗೆ ತುಪ್ಪ ಎಂದರೆ ಗಾಳಿ. ಗಾಳಿಗೆ ವಾಸನೆ ಇರುವುದಿಲ್ಲ. ಮೂವತ್ತಾರು ವರ್ಷ ಆ ತೇಗದ ಹಲಗೆಗಳು ದಿನವೂ ತುಪ್ಪ ಕುಡಿದಿದ್ದವು. ಮಾಳಿಗೆಯಲ್ಲಿ ತಣ್ಣಗೆ ಹೆಪ್ಪುಗಟ್ಟಿದ್ದ ಅದನ್ನು ನನ್ನ ಬಂಗಾರದ ಬಲ್ಬು ಎರಡು ದಿನ ಕಾಯಿಸಿ, ಕರಗಿಸಿ, ಹೊರಗೆ ತಂದಿತ್ತು. ವಾರ್ನಿಷಿನ ವಾಸನೆ ಆರಿದ ಮೇಲೆ ತುಪ್ಪ ತನ್ನ ಸ್ಥಾನಕ್ಕೆ ಮರಳಿತ್ತು. ಗಾಜಿನ ಒಳಮೈ ಮೇಲೆ ಮಂಜಿನಂತೆ ಜಿಡ್ಡು. ಬಾತಿನ ಕೊಕ್ಕು ಎಣ್ಣೆ ಹಚ್ಚಿ ಬಾಚಿದ ತಲೆಯ ಹಾಗೆ ಮಿನುಗುತ್ತಿತ್ತು.

ಟೀಚರಮ್ಮ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಕೈಗವಸು ಹಾಕಿಕೊಂಡು ನಾಮಕೋಳಿಯ ಎದೆಯ ಗರಿ ಬಿಡಿಸಿ ನೋಡಿದರು.

"ಇರುವೆ ಬಂದ ದಾರೀಲೇ ಬೇರೆ ಹುಳ ಬರತ್ತೆ ಸಾರ್. ಜಿಡ್ಡು ಒಳಗೆ ಇಳಿದ್ರೆ ಗರಿ ನಿಲ್ಲಲ್ಲ." ಪೆಟ್ಟಿಗೆಗೆ ಇಳಿಸುತ್ತ ಮೆಲ್ಲಗೆ ಕೇಳಿದರು, "ಇನ್ನು ಒಂಬತ್ತು ದಿನ ಇದೆ. ನಾನು ಕರೆಸ್ಪಾಂಡೆಂಟಿಗೆ ಫೋನ್ ಮಾಡಿ, ಆಗಲ್ಲ, ತಗೊಂಡು ಹೋಗಿ ಅಂತ ಹೇಳ್ಬಿಡ್ಲಾ?"

ಉತ್ತರ ಬಂದದ್ದು ಮೆಟ್ಟಿಲ ಕಡೆಯಿಂದ.

"ಯಾಕೆ ಆಗೂದಿಲ್ಲ? ತುಪ್ಪ ಅಲ್ವಾ? ಡಾಂಬರೇನಲ್ಲ." ಹೆಂಡತಿ ಕೊನೆಯ ಮೆಟ್ಟಿಲನ್ನೂ ಇಳಿದು ಬಂದಿದ್ದಳು. "ಇವರಿಗೆ ತುಪ್ಪ ಹಚ್ಚಲಿಕ್ಕೆ ಮಾತ್ರ ಗೊತ್ತು, ತೆಗೀಲಿಕ್ಕೆ ಗೊತ್ತಿಲ್ಲ. ಕಪಾಟು ಟೆರೇಸಿಗೆ ಹೋಗ್ಲಿ. ಅಗ್ನಿ ನಕ್ಷತ್ರದ ಬಿಸಿಲು ಇನ್ನೆಂತಕ್ಕೆ ಇರೂದು? ಟೀಚರಮ್ಮ, ಆ ಪೆಟ್ಟಿಗೆ ಇಲ್ಲಿ ನೆಲದ ಮೇಲೆ ಇಡ್ಬೇಡಿ. ಇರುವೆ ಉಂಟು. ಮೇಲೆ ಹಾಲಿನಲ್ಲಿಡಿ."

"ಹಾಲಿನಲ್ಲಾ?" ಎಂದೆ ನಾನು.

"ದೇವರ ಕೋಣೆಯಲ್ಲಿ ಇಡಿ ಅಂದೆನಾ?"

ಹೀಗೆ ಮೂರು ಸತ್ತ ಹಕ್ಕಿಗಳು ಮೂರನೇ ಮಹಡಿಯನ್ನು ಪ್ರವೇಶಿಸಿ, ಟಿವಿಯ ಪಕ್ಕದಲ್ಲಿ ಹಳೆಯ ಪತ್ರಿಕೆಯ ಮೇಲೆ ಆಸೀನವಾದವು. ಟೀಚರಮ್ಮ ದಿನವೂ ಬಂದು, ಹೋಟೆಲಿನಲ್ಲಿ ಗೋಬಿಗೆ ಹಾಕುವ ಜೋಳದ ಹಿಟ್ಟನ್ನು ಗರಿಗಳ ಮೇಲೆ ಉದುರಿಸಿ, ಅದು ಜಿಡ್ಡು ಹೀರಿದ ಮೇಲೆ ಷೇವಿಂಗ್ ಬ್ರಷ್ಷಿನಿಂದ ಕೊಡವುತ್ತಿದ್ದರು. ಸೋದರಳಿಯ ಕಳಿಸಿದ ನಾಲ್ವರು ಕಪಾಟಿನ ಚಿತ್ರವನ್ನೂ ಕೆರೆಯನ್ನೂ ಹುಷಾರಾಗಿ ಬಿಚ್ಚಿಟ್ಟು, ತೇಗದ ಬರೀ ಮೈಯನ್ನು ಟೆರೇಸಿಗೆ ಹೊತ್ತರು.

ಆಮೇಲಿನದು ಅಭ್ಯಂಜನ. ಹೆಂಡತಿ ತಲೆಗೆ ಟವೆಲು ಸುತ್ತಿ, ಕುದಿಯುವ ನೀರಿಗೆ ಸೀಗೆಪುಡಿ, ಒಗೆಯುವ ಸೋಡಾ ಕಲಸಿ, ತೆಂಗಿನ ನಾರಿನಿಂದ ಹಲಗೆ ಹಲಗೆಯನ್ನೂ ಉಜ್ಜಿದಳು. ಬೆಳಿಗ್ಗೆ ಉಜ್ಜಿದರೆ ಮಧ್ಯಾಹ್ನ ಹನ್ನೆರಡಕ್ಕೆ ಬಿಸಿಲಿಗೆ ಮರ ಬೆವರುತ್ತಿತ್ತು. ಹನಿ ಹನಿಯಾಗಿ ತುಪ್ಪ. ನಾನು ಹಳೆಯ ಪಂಚೆಯ ತುಂಡಿನಿಂದ ಒರೆಸಬೇಕು. ಒರೆಸುವಾಗ ಯಾವ ದೀಪಾವಳಿಯದೋ, ಯಾವ ಮದುವೆಯ ಆರ್ಡರಿನದೋ ಎಂದು ಯೋಚನೆ ಬರುತ್ತಿತ್ತು. ನನ್ನ ಇಡೀ ಉದ್ಯೋಗಜೀವನ ಒಂದು ಪಂಚೆಯ ತುಂಡಿಗೆ ಬಂತು. ಈ ಭಾವವನ್ನು ಹೆಂಡತಿಗೆ ತಿಳಿಸಿದೆ.

"ಮೂಲೆಯಲ್ಲಿ ಉಳಿದಿದೆ, ಅದನ್ನೂ ತೆಗೀರಿ" ಎಂದಳು.

ನಾಲ್ಕನೆಯ ದಿನ ಮಧ್ಯಾಹ್ನ ಮರ ಬೆವರಲಿಲ್ಲ. ಐದನೆಯ ದಿನವೂ ಇಲ್ಲ. ಒಳಮೈಗೆಲ್ಲ ಅರಗಿನ ಪಾಲಿಷ್ ಎರಡು ಕೋಟು ಬಳಿದು ಮುಚ್ಚಿದೆವು. ಬಿಸಿ ಬಲ್ಬು ಹೋಗಿ, ಬೆರಳು ಮುಟ್ಟಿದರೂ ಬೆಚ್ಚಗಾಗದ ಸಣ್ಣ ದೀಪ ಬಂತು. ಆದರೆ ತುಪ್ಪ ಹೋಗಿದೆಯೆಂದು ಹೇಳುವವರಾರು? ನಮ್ಮಿಬ್ಬರ ಮೂಗಿಗೆ ಬೆಲೆಯಿಲ್ಲ ಎಂದು ಸಾಬೀತಾಗಿತ್ತು. ಹೆಂಡತಿ ಕಪಾಟನ್ನು ಪಾರ್ಕಿಂಗಿಗೆ ಇಳಿಸಿ ಇರುವೆಗಳ ದಾರಿಯಲ್ಲೇ ನಿಲ್ಲಿಸಿ, ಅದರಿಂದ ಎರಡು ಗೇಣು ದೂರದಲ್ಲಿ ಮೈಸೂರುಪಾಕಿನ ಒಂದು ತುಂಡು ಇಟ್ಟಳು. ಮೂವರೂ ಕಾದೆವು. ಇರುವೆಗಳು ಬಂದವು, ಕಪಾಟಿನ ಮುಂದೆ ಒಂದು ಕ್ಷಣ ನಿಂತವು, ಮೈಸೂರುಪಾಕಿನ ಕಡೆಗೆ ಹೋದವು.

"ಕಂಟ್ರೋಲ್ ಎಕ್ಸ್‌ಪೆರಿಮೆಂಟ್!" ಟೀಚರಮ್ಮ ಉದ್ಗರಿಸಿದರು. "ಮಾಮಿ, ಹತ್ತನೇ ಕ್ಲಾಸಿಗೆ ನೀವೇ ಬಂದು ಪಾಠ ಮಾಡ್ಬೋದು."

"ಆದರೂ ಆ ಒಂದು ಕ್ಷಣ ನಿಂತವಲ್ಲ" ಎಂದಳು ಹೆಂಡತಿ. ಅವಳ ತಾಯಿಯ ಮನೆಯಲ್ಲಿ ಹಾಲು-ಮೊಸರಿನ ಕಪಾಟಿನ ಕಾಲುಗಳನ್ನು ಇರುವೆ ಹತ್ತದಂತೆ ನೀರು ತುಂಬಿದ ಕಲ್ಲಿನ ಬಟ್ಟಲುಗಳಲ್ಲಿ ನಿಲ್ಲಿಸುತ್ತಿದ್ದರಂತೆ. ಕಲ್ಲಿನ ಬಟ್ಟಲು ವೇಲಚೇರಿಯಲ್ಲಿ ಸಿಗಲಿಲ್ಲ. ಹೋಟೆಲಿನಿಂದ ನಾಲ್ಕು ಕಾಫಿ ದಬರಾಗಳನ್ನು, ಲೋಟದ ಅಡಿಗಿಡುವ ಬಟ್ಟಲುಗಳನ್ನು, ತರಿಸಿದೆವು.

ಶಾಲೆ ತೆರೆಯುವ ದಿನ ನಾನು ಗಲ್ಲಾ ಕಾಲದ ಬಿಳಿ ಅಂಗಿ ಹಾಕಿಕೊಂಡು ಹೋದೆ. ಹೆಂಡತಿಯೂ ಬಂದಳು, ತಾನು ಉಜ್ಜಿದ್ದನ್ನು ತಾನೇ ನೋಡಬೇಕಂತೆ. ಹೊಸ ಬಣ್ಣದ ಲ್ಯಾಬಿನ ಮೂಲೆಯಲ್ಲಿ, ನಾಲ್ಕು ಸ್ಟೀಲಿನ ದಬರಾಗಳಲ್ಲಿ ಕಾಲೂರಿ, ಎಣ್ಣೂರಿನ ಬೆಳಗು ನಿಂತಿತ್ತು. ಟೀಚರಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುವುದು, ಬಿಚ್ಚುವುದು ಮಾಡುತ್ತಿದ್ದರು.

ಕರೆಸ್ಪಾಂಡೆಂಟ್ ಬಂದರು. ವಯಸ್ಸು ನಲವತ್ತರ ಆಸುಪಾಸು, ಕೈಯಲ್ಲಿ ಫೋನು. ಗಾಜಿನ ಮುಂದೆ 'ಆಯಿತು, ಮುಂದೆ' ಎನ್ನುವ ಭಂಗಿಯಲ್ಲಿ ನಿಂತವರು, ಫೋನನ್ನು ಜೇಬಿಗಿಟ್ಟು ಬಗ್ಗಿದರು. ಜೊಂಡಿನ ಒಳಗೆ ನೋಡಿದರು. ನೀರಿನ ಮೇಲಿನ ಉಂಗುರಗಳನ್ನು ನೋಡಿದರು. ಸೂಜಿಬಾಲದ ಬಾತು ಮಾತ್ರ ಯಾಕೆ ಆಚೆ ತಿರುಗಿದೆ ಎಂದು ತಮಿಳಿನಲ್ಲಿ ಕೇಳಿದರು. ಅದಕ್ಕೆ ನಾವು ಬಂದದ್ದು ಗೊತ್ತಿಲ್ಲ ಎಂದು ಟೀಚರಮ್ಮ ತಮಿಳಿನಲ್ಲೇ, ಪಿಸುದನಿಯಲ್ಲಿ ಹೇಳಿದರು. ಆ ಮನುಷ್ಯರೂ ದನಿ ತಗ್ಗಿಸಿದರು. ಕೆಳಗಿನ ದಬರಾಗಳ ನೀರು ಯಾಕೆ ಎಂದು ಕೇಳಲು ಹೊರಟು, ನೀರುಹಕ್ಕಿಗಳಲ್ಲವೇ ಎಂದು ತಾವೇ ಸಮಾಧಾನ ಮಾಡಿಕೊಂಡು ಕೇಳದೆ ಬಿಟ್ಟರು.

ಆಮೇಲೆ ನೆಟ್ಟಗೆ ನಿಂತು, ಮೂಗನ್ನು ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ತಿರುಗಿಸಿದರು.

ಹತ್ತಿರದಲ್ಲಿ ಎಲ್ಲಾದರೂ ಮಿಠಾಯಿ ಅಂಗಡಿ ತೆರೆದಿದ್ದಾರೆಯೇ ಎಂದು ಕೇಳಿದರು. ಬೆಳಿಗ್ಗೆ ತಿಂಡಿ ತಿಂದೇ ಬಂದಿದ್ದರಂತೆ. ಆದರೂ ಈ ಲ್ಯಾಬಿಗೆ ಕಾಲಿಟ್ಟಾಗಿನಿಂದ ಯಾಕೋ ಹಸಿವಂತೆ.

ಹೆಂಡತಿ ಚಾವಣಿ ನೋಡಿದಳು. ಕರೆಸ್ಪಾಂಡೆಂಟ್ ಇನ್ನೊಮ್ಮೆ ಬಗ್ಗಿ ನಾಮಕೋಳಿಯನ್ನು ನೋಡಿ, "ಇರಟ್ಟುಂ" ಎಂದರು. ಇರಲಿ ಎಂದರ್ಥ. ಇಪ್ಪತ್ತಾರು ವರ್ಷದ ಶುಕ್ರವಾರಗಳಿಗೆ ಒಂದೇ ಪದದ ತೀರ್ಪು. ಅವರು ಹೊರಟ ಮೇಲೆ ಟೀಚರಮ್ಮ ಲ್ಯಾಬಿನ ಸ್ಟೂಲಿನ ಮೇಲೆ ಕೂತು, ಕನ್ನಡಕ ತೆಗೆದು, ಸೆರಗಿನಿಂದ ಬಹಳ ಹೊತ್ತು ಒರೆಸಿದರು.

ಆಮೇಲೆ ಬ್ಯಾಗಿನಿಂದ ಷೇವಿಂಗ್ ಬ್ರಷ್ ತೆಗೆದು ನನ್ನ ಮುಂದೆ ಹಿಡಿದರು. "ಬರೋ ವರ್ಷದಿಂದ ಶುಕ್ರವಾರ ನಿಮ್ಮದು ಸಾರ್. ಆಫೀಸಲ್ಲಿ ಹೇಳಿದೀನಿ. ದಬರಾಗೆ ನೀರೂ ನೀವೇ."

"ನನಗೆ ಈ ವಾಸನೆ ತಿಳಿಯುವುದಿಲ್ಲವಲ್ಲ" ಎಂದೆ. "ಮತ್ತೆ ತುಪ್ಪ ಬಿಟ್ಟರೆ ನನಗೆ ಹೇಗೆ ಗೊತ್ತಾಗಬೇಕು?"

"ಮಕ್ಕಳು ಹೇಳ್ತಾರೆ ಬಿಡಿ" ಎಂದಳು ಹೆಂಡತಿ.

ಅಷ್ಟರಲ್ಲಿ ಗಂಟೆ ಹೊಡೆದು ಎಂಟನೇ ತರಗತಿ ಒಳಗೆ ನುಗ್ಗಿತು. ಗಾಜಿನ ಮುಂದೆ ಮೂವತ್ತು ತಲೆಗಳು. ನಾನು ಹಳೆಯ ಅಭ್ಯಾಸದಂತೆ ಕಪಾಟಿನ ಹಿಂದಕ್ಕೆ ಸರಿದು ನಿಂತೆ. ಅವರು ಮೊದಲು ನಾಮಕೋಳಿಯನ್ನು, ಆಮೇಲೆ ಸಟ್ಟುಗದ ಕೊಕ್ಕನ್ನು, ಆಮೇಲೆ ಆ ಬೆನ್ನನ್ನು, ಕಟ್ಟಕಡೆಗೆ ಅವುಗಳ ಮೇಲಿಂದ ಇಣುಕುವ ನನ್ನ ಮುಖವನ್ನು ನೋಡಿದರು. ಮುಂದಿನ ಸಾಲಿನ ಹುಡುಗಿಯೊಬ್ಬಳು ಮೂಗು ಅರಳಿಸಿ, "ಮಿಸ್, ಪಸಿಕ್ಕುದು" ಎಂದಳು. ಗಂಟೆ ಇನ್ನೂ ಒಂಬತ್ತೂವರೆ, ಆಗಲೇ ಹಸಿವಂತೆ. ನಾನು ಬಗ್ಗಿ, ಕಪಾಟಿಗೆ ಮೂಗು ತಾಗಿಸಿ, ದೀರ್ಘವಾಗಿ ಉಸಿರೆಳೆದೆ. ಬರೀ ಗಾಳಿ.